ಕೆರೆ ಏರಿಯ ಮೇಲೆ ಅಲುಗದ ಮೂರು ಕಾಲು

ಪಟ್ಟೆತಲೆ ಹೆಬ್ಬಾತು ಕತ್ತಲಲ್ಲಿ ಮೇಯುವ, ಹಗಲಲ್ಲಿ ಕೆರೆಯಲ್ಲಿ ಕೂರುವ ಹಕ್ಕಿ. ಸಂಜೆ ಮಬ್ಬಾಗುತ್ತಿದ್ದಂತೆ ಗುಂಪುಗುಂಪಾಗಿ ಕೂಗುತ್ತ ಗದ್ದೆ ಹೊಲಗಳ ಕಡೆ ಹಾರಿಹೋಗುತ್ತದೆ, ಬೆಳಕು ಹರಿಯುವ ಹೊತ್ತಿಗೆ ಮತ್ತೆ ನೀರಿಗಿಳಿಯುತ್ತದೆ. ಹಗಲಿಡೀ ಅದು ಕೂರುವ ಜಾಗ ಮನುಷ್ಯರ ಕೈಗೆಟುಕದಷ್ಟು ದೂರ. ಕೆರೆಯ ನಡು, ಇಲ್ಲವೇ ನೀರು ಇಳಿದು ಬಿಟ್ಟುಕೊಟ್ಟ ಆಚೆ ದಡದ ಕೆಸರು. ನಂಜನಗೂಡು ತಾಲ್ಲೂಕಿನ ಹದಿನಾರು ಎಂಬ ಊರಿನ ಕೆರೆಯ ಏರಿ ಮೇಲೆ ಜನವರಿಯ ಬೆಳಗ್ಗೆ ನಿಂತು ನೋಡಿದರೆ ಬರಿಗಣ್ಣಿಗೆ ಕಾಣುವುದು ನೀರಂಚಿನಲ್ಲಿ ಬೂದುಬಣ್ಣದ ಒಂದು ಸಾಲು, ಅಷ್ಟೆ. ಎಂಟು ಪಟ್ಟು ಹಿಗ್ಗಿಸುವ ಬೈನಾಕ್ಯುಲರ್ ಹಿಡಿದರೆ ಅದು ಹೆಬ್ಬಾತು ಎಂದು ಗೊತ್ತಾಗುತ್ತದೆ. ಬಿಳಿ ತಲೆಯ ಹಿಂದೆ ಎರಡು ಕಪ್ಪು ಪಟ್ಟೆ ಎಣಿಸಬಹುದು. ಅದರಾಚೆಗೆ ಒಂದು ಪ್ರಶ್ನೆ ಉಳಿಯುತ್ತದೆ, ಆ ಗುಂಪಿನಲ್ಲಿ ಯಾವುದಾದರೂ ಹಕ್ಕಿಯ ಕೊರಳಲ್ಲಿ ಪಟ್ಟಿ ಇದೆಯೇ?

ಈ ಪ್ರಶ್ನೆ ಸುಮ್ಮನೆ ಹುಟ್ಟಿದ್ದಲ್ಲ. ಮಂಗೋಲಿಯಾದ ಸರೋವರಗಳಲ್ಲಿ ವಿಜ್ಞಾನಿಗಳು ಹಿಡಿದು, ಕೊರಳಿಗೆ ಪ್ಲಾಸ್ಟಿಕ್ ಪಟ್ಟಿ ತೊಡಿಸಿ ಬಿಟ್ಟ ಹೆಬ್ಬಾತುಗಳು ಮೈಸೂರು ಸೀಮೆಯ ಕೆರೆಗಳಲ್ಲಿ ಕಾಣಿಸಿಕೊಂಡಿವೆ, ಹದಿನಾರು ಕೆರೆಯಲ್ಲೂ ಕಂಡಿವೆ. ಹಸಿರು ಪಟ್ಟಿಯ ಮೇಲೆ ಬಿಳಿ ಅಕ್ಷರ, ಅಂಕಿ. ಅದನ್ನು ಓದಿದರೆ ಆ ಒಂದು ಹಕ್ಕಿ ಎಲ್ಲಿ, ಯಾವ ವರ್ಷ ಪಟ್ಟಿ ತೊಟ್ಟಿತು, ನಡುವೆ ಯಾವ ಊರಿನ ಕೆರೆಗಳಲ್ಲಿ ಇಳಿಯಿತು ಎಂಬುದೆಲ್ಲ ಬಿಚ್ಚಿಕೊಳ್ಳುತ್ತದೆ. ಹಿಮಾಲಯ ದಾಟಿ ಬರುವ ಈ ಹಕ್ಕಿಗಳ ಬೆನ್ನಿಗೆ ಉಪಕರಣ ಕಟ್ಟಿ ಹಿಂಬಾಲಿಸಿದಾಗ, ಒಂದು ಹಕ್ಕಿ 7,290 ಮೀಟರ್ ಎತ್ತರದಲ್ಲಿ ಹಾರಿದ್ದು ದಾಖಲಾಗಿದೆ. ಅಷ್ಟು ದೂರದಿಂದ ಬಂದು ನಮ್ಮ ಕಣ್ಣೆದುರು ಕೂತ ಹಕ್ಕಿಯ ಗುರುತನ್ನು ಓದಲಾಗದೆ ಹೋಗುವುದು ನಿಜಕ್ಕೂ ನಷ್ಟ.  

ಹಾಗಾಗಿ ಸ್ಪಾಟಿಂಗ್ ಸ್ಕೋಪ್, ಅಂದರೆ ದೂರದ್ದನ್ನು ಹಿಗ್ಗಿಸಿ ತೋರುವ ಒಂಟಿಕೊಳವೆಯ ದುರ್ಬೀನು ಬೇಕು. ಮೈಸೂರಿನ ಕುಕ್ಕರಹಳ್ಳಿ ಕೆರೆಯಲ್ಲೋ ಲಿಂಗಾಂಬುಧಿಯಲ್ಲೋ ಅದಿಲ್ಲದೆ ನಡೆಯುತ್ತದೆ, ಅಲ್ಲಿ ಹಕ್ಕಿಗಳು ದಡಕ್ಕೆ ಹತ್ತಿರ. ಹದಿನಾರು, ನರಸಾಂಬುಧಿಯಂಥ ಬಯಲುಕೆರೆಗಳಲ್ಲಿ ನಡೆಯುವುದಿಲ್ಲ. ಸ್ಕೋಪ್ ಬಗ್ಗೆ ನಮ್ಮವರು ಬೇಕಾದಷ್ಟು ಮಾತಾಡುತ್ತಾರೆ. ಯಾವ ಕಂಪನಿ, ಎಷ್ಟು ಮಿಲಿಮೀಟರಿನ ಗಾಜು, ಬಣ್ಣ ಚದುರುವುದನ್ನು ತಗ್ಗಿಸುವ ಇಡಿ ಗಾಜೋ ಅಲ್ಲವೋ, ಕಣ್ಣಿಡುವ ತುದಿಯ ಐಪೀಸ್ 20ರಿಂದ 60 ಪಟ್ಟಿನದೋ 25ರಿಂದ 50ರದೋ. ಅದರ ಕೆಳಗಿನ ಮೂರು ಕಾಲಿನ ಬಗ್ಗೆ ಮಾತು ಬರುವುದು ದುಡ್ಡೆಲ್ಲ ಖರ್ಚಾದ ಮೇಲೆ. ಮದುವೆ ವಿಡಿಯೊ ತೆಗೆಯಲು ಕೊಂಡು ಮನೆಯ ಅಟ್ಟಕ್ಕೆ ಹಾಕಿದ್ದ ಸ್ಟ್ಯಾಂಡು ಆಗ ಕೆಳಗಿಳಿಯುತ್ತದೆ. ಲಕ್ಷ ರೂಪಾಯಿಯ ಸ್ಕೋಪಿನಲ್ಲಿ ಕೊರಳಪಟ್ಟಿಯ ಅಕ್ಷರ ಕುಣಿಯತೊಡಗುವುದು ಅಲ್ಲಿಂದಲೇ.

ಒಂದು ಸಣ್ಣ ಲೆಕ್ಕ ಹಾಕೋಣ. ಹಕ್ಕಿ 400 ಮೀಟರ್ ದೂರದಲ್ಲಿದೆ, ಸ್ಕೋಪ್ 40 ಪಟ್ಟು ಹಿಗ್ಗಿಸುತ್ತಿದೆ ಎನ್ನಿ. ಹಾಗಾದರೆ ಹಕ್ಕಿ 10 ಮೀಟರ್ ದೂರದಲ್ಲಿದ್ದಂತೆ ಕಾಣಬೇಕು. ಹತ್ತು ಮೀಟರ್ ದೂರದಲ್ಲಿ ಎರಡು ಸೆಂಟಿಮೀಟರ್ ಎತ್ತರದ ಅಕ್ಷರವನ್ನು ಒಳ್ಳೆಯ ಕಣ್ಣು ಓದಬಲ್ಲದು. ಈಗ ಅಲುಗಾಟವನ್ನು ಸೇರಿಸಿ. ಸ್ಕೋಪಿನ ಉದ್ದ 30 ಸೆಂಟಿಮೀಟರ್. ಅದರ ಮೂತಿ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗ, ಅಂದರೆ ಹೆಚ್ಚುಕಡಿಮೆ ಕೂದಲೆಳೆಯಷ್ಟು ಅಲುಗಿದರೆ, 400 ಮೀಟರ್ ಆಚೆ ನಮ್ಮ ನೋಟ 13 ಸೆಂಟಿಮೀಟರ್ ಜರುಗುತ್ತದೆ. ಅಕ್ಷರದ ಎತ್ತರದ ಆರು ಪಟ್ಟು! ನೋಟ ಹೀಗೆ ಸೆಕೆಂಡಿಗೆ ಹತ್ತಾರು ಸಲ ಆ ಕಡೆ ಈ ಕಡೆ ಜರುಗಿದರೆ ಕಾಣುವುದು ಹಸಿರು ಮಸುಕು ಮಾತ್ರ. ಗಾಜು ಎಷ್ಟೇ ಒಳ್ಳೆಯದಿರಲಿ, ಈ ಲೆಕ್ಕ ಬದಲಾಗುವುದಿಲ್ಲ. ನನ್ನ ಮಟ್ಟಿಗೆ ಇದೇ ಇಡೀ ವಿಷಯದ ತಿರುಳು. ಸ್ಕೋಪಿಗೆ ಕೂಡಿಟ್ಟ ಹಣದಲ್ಲಿ ಕಾಲು ಭಾಗವನ್ನಾದರೂ ಟ್ರೈಪಾಡಿಗೂ ಅದರ ತುದಿಯಲ್ಲಿ ಸ್ಕೋಪನ್ನು ಹಿಡಿದು ತಿರುಗಿಸುವ ಹೆಡ್ಡಿಗೂ ಮೊದಲೇ ತೆಗೆದಿಡಬೇಕು, ಉಳಿದದ್ದರಲ್ಲಿ ಎಷ್ಟು ಬರುತ್ತದೋ ಅಷ್ಟರ ಸ್ಕೋಪ್ ಸಾಕು.

ಹಾಗಂತ ಭಾರವಾದ ಸ್ಟ್ಯಾಂಡು ತಂದರೆ ಮುಗಿಯಿತೇ? ಮುಗಿಯುವುದಿಲ್ಲ. ಭಾರವಾದದ್ದು ಮನೆಯಲ್ಲೇ ಉಳಿಯುತ್ತದೆ. ನಮ್ಮಲ್ಲಿ ಹೆಚ್ಚಿನ ಹಕ್ಕಿ ವೀಕ್ಷಕರು ಮೈಸೂರಿನಿಂದ ಬೈಕಿನಲ್ಲಿ, ಇಬ್ಬಿಬ್ಬರಾಗಿ ಹೊರಡುವವರು. ಕೆಲವರು ಬಸ್ಸಿಳಿದು ನಡೆಯುವವರು. ಏರಿಯುದ್ದಕ್ಕೂ ಹೋಗಿ, ಕೋಡಿ ದಾಟಿ, ಹಿನ್ನೀರಿನ ಕಡೆ ಸುತ್ತಿ ಬರುವಾಗ ಹೆಗಲ ಮೇಲಿನ ಒಂದೊಂದು ಕಿಲೋ ಕೂಡ ಲೆಕ್ಕಕ್ಕೆ ಬರುತ್ತದೆ. 85 ಮಿ.ಮೀ. ಗಾಜಿನ ಸ್ಕೋಪ್ ಐಪೀಸ್ ಸೇರಿ ಎರಡು ಕಿಲೋ ಹತ್ತಿರ ಬರುತ್ತದೆ. ಅದನ್ನು ಹೊರುವ ಕಾಲುಗಳು ಇನ್ನೆರಡು ಕಿಲೋ, ಹೆಡ್ ಮತ್ತೊಂದು ಕಿಲೋ, ಒಟ್ಟು ಐದರ ಹತ್ತಿರ. 65 ಮಿ.ಮೀ. ಸ್ಕೋಪ್ ಆದರೆ ಒಂದೂಕಾಲು ಕಿಲೋ, ಅದಕ್ಕೆ ಸಾಕಾಗುವ ಕಾರ್ಬನ್ ಕಾಲುಗಳು ಒಂದೂವರೆ ಕಿಲೋದೊಳಗೆ, ಹೆಡ್ ಅರ್ಧದಿಂದ ಮುಕ್ಕಾಲು ಕಿಲೋ. ಒಟ್ಟು ಮೂರೂವರೆ ಮೀರುವುದಿಲ್ಲ. ನಿಕಾನ್ ಇಡಿ50ಯಂಥ ಪುಟ್ಟ ಸ್ಕೋಪಿನ ಮೈ ಬರೀ 455 ಗ್ರಾಂ, ಅದಕ್ಕೆ ಇನ್ನೂ ಹಗುರವಾದ ಕಾಲು ನಡೆಯುತ್ತದೆ. ಬೆಳಗಿನ ಮಬ್ಬಿನಲ್ಲಿ ದೊಡ್ಡ ಗಾಜು ಹೆಚ್ಚು ಬೆಳಕು ಕೊಡುತ್ತದೆ ಎಂಬುದು ನಿಜ. ಆದರೆ ಹದಿನಾರಿನ ಬೆಳಕು ಯುರೋಪಿನ ಚಳಿಗಾಲದ ಬೆಳಕಲ್ಲ, ಎಂಟು ಗಂಟೆಗೆಲ್ಲ ಬಿಸಿಲು ಕೆರೆ ತುಂಬ ಹರಡಿರುತ್ತದೆ. ನಮ್ಮ ಕೆರೆಗಳಿಗೆ 65 ಮಿ.ಮೀ. ಸ್ಕೋಪ್, ಅದಕ್ಕೆ ತಕ್ಕ ಗಟ್ಟಿ ಕಾಲು, ಇದೇ ನನ್ನ ಆಯ್ಕೆ.

ಕಾಲುಗಳ ವಿಷಯಕ್ಕೆ ಬಂದರೆ, ಡಬ್ಬಿಯ ಮೇಲೆ ‘10 ಕಿಲೋ ಹೊರುತ್ತದೆ’ ಎಂದು ಅಚ್ಚು ಹಾಕಿರುವುದನ್ನು ನಂಬಿ ಕೊಳ್ಳಬೇಡಿ. ಹತ್ತು ಕಿಲೋ ಇಟ್ಟರೆ ಕುಸಿಯುವುದಿಲ್ಲ ಎಂಬುದಷ್ಟೇ ಅದರರ್ಥ, ಎಷ್ಟು ಅಲುಗುತ್ತದೆ ಎಂಬುದನ್ನು ಅದು ಹೇಳುವುದಿಲ್ಲ. ಆ ಸಂಖ್ಯೆಯನ್ನು ಎಲ್ಲ ಕಂಪನಿಗಳೂ ಒಂದೇ ರೀತಿಯಲ್ಲಿ ಅಳೆಯುವುದೂ ಇಲ್ಲ. ನೋಡಬೇಕಾದ್ದು ಕೊಳವೆಯ ದಪ್ಪ. ಅದರಲ್ಲೂ ಎಲ್ಲಕ್ಕಿಂತ ಕೆಳಗಿನ, ಎಲ್ಲಕ್ಕಿಂತ ಸಣ್ಣ ಕೊಳವೆಯ ದಪ್ಪ. ಕೊಳವೆಯ ಗೋಡೆ ಒಂದೇ ಅಳತೆಯದಾಗಿದ್ದರೆ, ಬಾಗದೆ ನಿಲ್ಲುವ ಶಕ್ತಿ ವ್ಯಾಸದ ಘನಕ್ಕೆ ತಕ್ಕಂತೆ ಏರಿಳಿಯುತ್ತದೆ. ವ್ಯಾಸ ಅರ್ಧವಾದರೆ ಶಕ್ತಿ ಎಂಟರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಮೇಲೆ 25 ಮಿ.ಮೀ.ಯಿಂದ ಶುರುವಾಗುವ ನಾಲ್ಕು ತುಂಡಿನ ಕಾಲು 22, 19 ಎಂದು ಇಳಿದು ಕೆಳಗೆ 16ಕ್ಕೆ ನಿಲ್ಲುತ್ತದೆ. ಐದು ತುಂಡಿನದು ಇನ್ನೂ ಸಣ್ಣಗಾಗುತ್ತದೆ. ಐದು ತುಂಡಿನ ಪ್ರವಾಸಿ ಟ್ರೈಪಾಡ್ ಮಡಚಿದರೆ ಬ್ಯಾಗಿನೊಳಗೆ ಕೂರುತ್ತದೆ, ಅಂಗಡಿಯಲ್ಲಿ ನೋಡಲು ಬಲು ಚೆಂದ. ಏರಿಯ ಮೇಲೆ ಗಾಳಿ ಬೀಸಿದಾಗ ಆ ಬೆರಳುಗಾತ್ರದ ಕೊನೆಯ ತುಂಡೇ ನಡುಗುವುದು. ಮೂರು ತುಂಡಿನದು ಮಡಚಿದರೂ ಸುಮಾರು 60 ಸೆಂ.ಮೀ. ಉದ್ದ. ಬೈಕಿನಲ್ಲಿ ಹಿಂದೆ ಕೂತವರ ಹೆಗಲಿಗೆ ನೇತುಹಾಕಲು ಅಡ್ಡಿಯಿಲ್ಲ. ಮೂರು ತುಂಡೇ ಒಳ್ಳೆಯದು, ಬಸ್ಸಿನಲ್ಲಿ ಓಡಾಡುವವರಿಗೆ ನಾಲ್ಕು. ಐದು ಬೇಡ.

ಅಲ್ಯೂಮಿನಿಯಂ ಅಥವಾ ಕಾರ್ಬನ್ ಎಂಬ ಚರ್ಚೆಯನ್ನು ಉದ್ದ ಮಾಡಬೇಕಿಲ್ಲ. ಅದೇ ಅಳತೆಯಲ್ಲಿ ಕಾರ್ಬನ್ ಅರ್ಧ ಕಿಲೋದಷ್ಟು ಹಗುರ, ಅಲುಗಿದ್ದು ಬೇಗ ಅಡಗುತ್ತದೆ. ಬೆಲೆ ಎರಡು ಪಟ್ಟೋ ಅದಕ್ಕೂ ಹೆಚ್ಚೋ. ದುಡ್ಡಿದ್ದರೆ ಕಾರ್ಬನ್. ಇಲ್ಲದಿದ್ದರೆ ದಪ್ಪ ಕಾಲಿನ ಅಲ್ಯೂಮಿನಿಯಂ ಕೊಳ್ಳಿ. ತೆಳು ಕಾಲಿನ ಅಗ್ಗದ ಕಾರ್ಬನ್ನಿಗಿಂತ ಅದು ಎಷ್ಟೋ ಮೇಲು.

ನಡುಗಂಬದ ವಿಷಯ ಮಾತ್ರ ಒತ್ತಿ ಹೇಳಬೇಕು. ಎತ್ತರ ಸಾಲದಾದಾಗ ಎಲ್ಲರೂ ಮೊದಲು ತಿರುಗಿಸುವುದು ಅದನ್ನೇ. ಮೂರು ಕಾಲಿನ ಮೇಲೆ ಕೂತ ಸ್ಕೋಪು ನಡುಗಂಬ ಎತ್ತಿದ ಕ್ಷಣ ಒಂಟಿಕಾಲಿನ ಮೇಲೆ ಕೂರುತ್ತದೆ, ಮೂರು ಕಾಲಿಗೆ ಕೊಟ್ಟ ದುಡ್ಡು ಅಲ್ಲಿಗೆ ವ್ಯರ್ಥ. ಆದ್ದರಿಂದ ಕೊಳ್ಳುವಾಗ ನಡುಗಂಬ ಇಳಿಸಿಯೇ ಎತ್ತರ ನೋಡಬೇಕು. ಇಲ್ಲಿ ಸ್ಕೋಪಿನ ಆಕಾರವೂ ಕೆಲಸಕ್ಕೆ ಬರುತ್ತದೆ. ಐಪೀಸ್ 45 ಡಿಗ್ರಿ ಮೇಲಕ್ಕೆ ಬಾಗಿರುವ ಸ್ಕೋಪಿನಲ್ಲಿ ತಲೆ ತಗ್ಗಿಸಿ ನೋಡುತ್ತೇವೆ, ಹಾಗಾಗಿ ಸ್ಟ್ಯಾಂಡು ಕಣ್ಣಿನ ಮಟ್ಟಕ್ಕೆ ಬರಬೇಕಿಲ್ಲ, ಎದೆಯ ಮಟ್ಟ ಸಾಕು. ನೇರ ಐಪೀಸಿನ ಸ್ಕೋಪಿಗೆ ಅದಕ್ಕಿಂತ ಗೇಣುದ್ದ ಎತ್ತರದ, ಹಾಗಾಗಿ ಭಾರವಾದ ಸ್ಟ್ಯಾಂಡೇ ಬೇಕು. ಬಾಗಿದ ಐಪೀಸಿನದಕ್ಕೆ ಇನ್ನೊಂದು ಅನುಕೂಲವಿದೆ. ಆರಡಿ ಆಳು ನೋಡಿದ ಮೇಲೆ ಕಾಲು ಕುಗ್ಗಿಸದೆಯೇ ಮಧ್ಯಮ ಎತ್ತರದವರೂ ನೋಡಬಹುದು. ಕೆರೆ ಏರಿ ಮೇಲೆ ಸ್ಕೋಪು ನಿಲ್ಲಿಸಿದರೆ ನೋಡುವವರು ನೀವೊಬ್ಬರೇ ಆಗಿರುವುದಿಲ್ಲ. ದನ ಹೊಡೆದುಕೊಂಡು ಹೋಗುವವರು, ಗದ್ದೆಗೆ ನೀರು ಕಟ್ಟಲು ಬಂದವರು ನಿಲ್ಲುತ್ತಾರೆ. ಮೂರು ಕಾಲಿನ ಯಂತ್ರ ಕಂಡೊಡನೆ ನಮ್ಮ ಹಳ್ಳಿಗಳಲ್ಲಿ ಮೊದಲು ಬರುವ ಪ್ರಶ್ನೆ ‘ಏನ್ ಸ್ವಾಮಿ, ಕೆರೆ ಅಳ್ಯಕ್ ಬಂದಿದ್ದೀರಾ?’ ಎಂಬುದು. ಸರ್ವೆಯವರಲ್ಲ, ಬಾತುಕೋಳಿ ನೋಡಲು ಬಂದವರು ಎಂದು ಹೇಳಿ ಒಂದು ಸಲ ನೋಡಲು ಬಿಟ್ಟರೆ ಅನುಮಾನ ಕರಗುತ್ತದೆ.

ಇನ್ನು ಹೆಡ್. ಹಗುರ ಮಾಡುವ ಹುಮ್ಮಸ್ಸಿನಲ್ಲಿ ಜನ ಎಡವುವುದು ಹೆಚ್ಚಾಗಿ ಇಲ್ಲಿಯೇ. ಪೂರ್ಣಚಂದ್ರ ತೇಜಸ್ವಿಯವರ ಪುಸ್ತಕಗಳನ್ನು ಓದಿ ಹಕ್ಕಿಗಳ ಕಡೆ ತಿರುಗಿದ ನಮ್ಮ ತಲೆಮಾರಿನ ಬಹಳ ಮಂದಿ ಕ್ಯಾಮೆರಾದ ಮೂಲಕವೇ ಹಕ್ಕಿ ನೋಡಲು ಕಲಿತವರು. ಅಂಗಡಿಗಳೂ ಕ್ಯಾಮೆರಾದವರಿಗಾಗಿಯೇ ಸರಕು ಇಡುತ್ತವೆ. ಕೇಳಿದರೆ ಸಿಗುವುದು ಬಾಲ್ ಹೆಡ್. ಅದು ಹಗುರ, ಗಟ್ಟಿ, ಒಂದೇ ತಿರುಪಿನಲ್ಲಿ ಬಿಗಿಯಾಗುತ್ತದೆ. ಸ್ಕೋಪಿಗೆ ಮಾತ್ರ ಅದು ಹೊಂದುವುದಿಲ್ಲ. ಕೆರೆ ನೋಡುವ ಕ್ರಮವೇ ಬೇರೆ. ಎಡತುದಿಯಿಂದ ಬಲತುದಿಗೆ ನೀರಂಚು ಹಿಡಿದು ನಿಧಾನವಾಗಿ, ಒಂದೊಂದೇ ಹಕ್ಕಿಯ ಕೊರಳು ನೋಡುತ್ತ ಸಾಗಬೇಕು. 60 ಪಟ್ಟಿನಲ್ಲಿ ಒಂದು ಕಿಲೋಮೀಟರ್ ದೂರದಲ್ಲಿ ಕಾಣುವ ಅಗಲ ಇಪ್ಪತ್ತು ಮೀಟರಿನ ಆಸುಪಾಸು. ಬಾಲ್ ಹೆಡ್ ಸಡಿಲಿಸಿದ ಕೂಡಲೇ ಸ್ಕೋಪು ಎಡಬಲಕ್ಕೆ ಮಾತ್ರವಲ್ಲ, ಮೇಲೆ ಕೆಳಗೆ, ಪಕ್ಕಕ್ಕೆ, ಎಲ್ಲ ಕಡೆಗೂ ವಾಲುತ್ತದೆ. ಬಿಗಿ ಮಾಡಿದ ಕ್ಷಣ ತೂಕಕ್ಕೆ ಒಂದಿಷ್ಟು ಜಗ್ಗುತ್ತದೆ. ಹಕ್ಕಿ ಹೋಯಿತು.

ಸ್ಕೋಪಿಗೆ ಬೇಕಾದ್ದು ಎರಡೇ ಚಲನೆ, ಎಡಬಲ ಮತ್ತು ಮೇಲೆಕೆಳಗೆ. ವಿಡಿಯೊದವರ ಫ್ಲೂಯಿಡ್ ಹೆಡ್ ಇದನ್ನೇ ಮಾಡುತ್ತದೆ. ಒಳಗಿನ ಮಂದ ಗ್ರೀಸು ಚಲನೆಯನ್ನು ತಡೆದು ತಡೆದು ಬಿಡುವುದರಿಂದ, ತೂಕ ಸರಿದೂಗಿದ್ದರೆ ಬಿಗಿ ಮಾಡದೆಯೇ, ಕೈ ಬಿಟ್ಟರೂ ಸ್ಕೋಪು ಇದ್ದಲ್ಲೇ ನಿಲ್ಲುತ್ತದೆ. ಹಿಡಿಯನ್ನು ಒಂದು ಬೆರಳಲ್ಲಿ ತಳ್ಳುತ್ತ ಇಡೀ ಕೆರೆ ಸುತ್ತಬಹುದು. ಅಗ್ಗದ ಕೆಲವು ಹೆಡ್ಡುಗಳಿಗೆ ಫ್ಲೂಯಿಡ್ ಎಂಬ ಹೆಸರು ಮಾತ್ರ ಇರುತ್ತದೆ, ಒಳಗಿರುವುದು ಉಜ್ಜಿಕೊಂಡು ತಿರುಗುವ ಬಿಲ್ಲೆ. ಅದನ್ನು ಪತ್ತೆ ಮಾಡುವುದು ಸುಲಭ. ಸ್ಕೋಪನ್ನು ಒಂದು ಗುರಿಗೆ ಹಿಡಿದು, ಹಿಡಿಯಿಂದ ಕೈ ತೆಗೆಯಿರಿ. ಒಳ್ಳೆಯದಾದರೆ ಗುರಿ ಅಲ್ಲೇ ಇರುತ್ತದೆ. ಅಲ್ಲದಿದ್ದರೆ ಚಿತ್ರ ತುಸು ಹಿಂದಕ್ಕೆ ಜಗ್ಗುತ್ತದೆ, ಪ್ರತಿ ಸಲವೂ ಹಕ್ಕಿಯನ್ನು ದಾಟಿ ಮುಂದೆ ಹೋಗಿ ಕೈ ಬಿಡಬೇಕಾಗುತ್ತದೆ. ಒಂದು ಗಂಟೆ ಹಾಗೆ ನೋಡಿದರೆ ತಾಳ್ಮೆಯೇ ಮುಗಿಯುತ್ತದೆ.

ಸಣ್ಣ ಹೆಡ್ಡುಗಳಲ್ಲಿ ತೂಕ ಸರಿದೂಗಿಸುವ ಸ್ಪ್ರಿಂಗ್ ಇರುವುದು ಕಡಿಮೆ. ಆದ್ದರಿಂದ ಹಿಂದೆಮುಂದೆ ಜಾರುವ ಉದ್ದನೆಯ ಪ್ಲೇಟ್ ಇರುವ ಹೆಡ್ ಆರಿಸಬೇಕು. ಸ್ಕೋಪನ್ನು ಜರುಗಿಸಿ ಅದು ಮೂಗು ತಗ್ಗಿಸದ, ಬಾಲ ಇಳಿಸದ ಜಾಗ ಹುಡುಕಿ, ಆ ಜಾಗಕ್ಕೊಂದು ಗುರುತು ಹಾಕಿಟ್ಟರೆ ಮುಂದೆ ಪ್ರತಿ ಸಲವೂ ಒಂದೇ ಏಟಿಗೆ ಕೂರುತ್ತದೆ. ಸ್ಕೋಪಿನ ಪಾದದಲ್ಲಿ ತಿರುಪಿನ ತೂತಿನ ಪಕ್ಕ ಇನ್ನೊಂದು ಸಣ್ಣ ತೂತಿರುತ್ತದೆ. ಪ್ಲೇಟಿನಲ್ಲಿ ಅದಕ್ಕೆ ಸರಿಯಾದ ಮೊಳೆ ಇದೆಯೇ ನೋಡಿ. ಇಲ್ಲದಿದ್ದರೆ ಉದ್ದದ ಸ್ಕೋಪು ಕಾಲಿಂಚಿನ ಒಂದೇ ತಿರುಪಿನ ಮೇಲೆ ತಿರುಗಿ ತಿರುಗಿ ಸಡಿಲವಾಗುತ್ತದೆ.

ಇಷ್ಟೆಲ್ಲ ಓದಿಕೊಂಡು ಹೋದರೂ ಅಂಗಡಿಯಲ್ಲಿ ತೀರ್ಮಾನವಾಗಬೇಕಾದ್ದು ಕಣ್ಣಿನಿಂದ. ನಿಮ್ಮ ಸ್ಕೋಪನ್ನು ಜೊತೆಗೇ ಒಯ್ಯಿರಿ. ಕಾಲುಗಳನ್ನು ಪೂರ್ತಿ ಬಿಚ್ಚಿ, ನಡುಗಂಬ ಇಳಿಸಿ, ಸ್ಕೋಪ್ ಕೂರಿಸಿ ಬಾಗಿಲಾಚೆಗೆ ತಿರುಗಿಸಿ. ರಸ್ತೆಯ ತುದಿಯ ಯಾವುದಾದರೂ ಬೋರ್ಡಿನ ಸಣ್ಣಕ್ಷರಕ್ಕೆ ಗುರಿಯಿಟ್ಟು ಝೂಮನ್ನು ತುದಿಗೆ ಒಯ್ಯಿರಿ. ಆಮೇಲೆ ಸ್ಕೋಪಿನ ಬೆನ್ನಿಗೆ ಬೆರಳಿನಿಂದ ಮೆತ್ತಗೆ ಒಂದೇಟು. ಅಕ್ಷರ ಕುಣಿಯುತ್ತದೆ. ಎಷ್ಟು ಹೊತ್ತಿಗೆ ನಿಲ್ಲುತ್ತದೆ ಎಂದು ಮನಸ್ಸಿನಲ್ಲೇ ಎಣಿಸಿ. ಒಂದು ಎನ್ನುವಷ್ಟರಲ್ಲಿ ನಿಂತರೆ ಕಣ್ಣುಮುಚ್ಚಿ ಕೊಳ್ಳಬಹುದು. ಎರಡು, ಎರಡೂವರೆ ಸೆಕೆಂಡಾದರೆ ಬೆಲೆ ನೋಡಿ ಯೋಚಿಸಬಹುದು. ಅದಕ್ಕೂ ಮೀರಿದರೆ, ಎಷ್ಟೇ ಹಗುರವಿರಲಿ, ವಾಪಸ್ಸು ಕೊಡಿ. ಆನ್‌ಲೈನಿನಲ್ಲಿ ತರಿಸುವವರು ಹಿಂದಿರುಗಿಸುವ ಅವಧಿಯೊಳಗೆ ಇದೇ ಪರೀಕ್ಷೆಯನ್ನು ಮನೆಯ ತಾರಸಿಯಲ್ಲಿ ಮಾಡಬೇಕು. ತಾರಸಿಯಲ್ಲಿ ಗಾಳಿಯೂ ಸಿಗುವುದರಿಂದ ಅದು ಅಂಗಡಿಗಿಂತ ನಿಜವಾದ ಪರೀಕ್ಷೆ.

ಕೆರೆಗೆ ಬಂದ ಮೇಲೆ ನಿಲ್ಲಿಸುವುದರಲ್ಲೂ ಒಂದು ಕ್ರಮವಿದೆ. ಏರಿಯ ಇಳಿಜಾರಿನಲ್ಲಿ ಎರಡು ಕಾಲು ಕೆಳಮುಖಕ್ಕೆ, ಒಂದು ಮೇಲ್ಮುಖಕ್ಕೆ ಇರಬೇಕು. ಉದ್ದ ಹೆಚ್ಚುಕಡಿಮೆ ಮಾಡುವಾಗ ದಪ್ಪ ತುಂಡುಗಳನ್ನು ಮೊದಲು ಬಿಚ್ಚಿ, ಸಣ್ಣ ತುಂಡನ್ನು ಕೊನೆಗೆ. ಗಾಳಿ ಇದ್ದರೆ ಎತ್ತರ ತಗ್ಗಿಸಿ, ಕೂತು ನೋಡಿ. ನಡುಗಂಬದ ಕೊಕ್ಕೆಗೆ ಬ್ಯಾಗು ನೇತುಹಾಕುವುದು ಒಳ್ಳೆಯದೇ, ಅದು ತೂಗಾಡದಂತೆ ಬುಡ ನೆಲಕ್ಕೆ ತಾಗಿರಬೇಕು. ಇಲ್ಲದಿದ್ದರೆ ಬ್ಯಾಗೇ ಅಲುಗಾಟ ತರುತ್ತದೆ. ಹೊತ್ತು ಏರಿ ಹತ್ತು ಗಂಟೆ ದಾಟಿದ ಮೇಲೆ ಚಿತ್ರ ಕದಡತೊಡಗಿದರೆ ಟ್ರೈಪಾಡನ್ನು ಬೈಯಬೇಡಿ. ಸ್ಟ್ಯಾಂಡು ಅಲುಗಿದರೆ ಇಡೀ ಚಿತ್ರ ಒಟ್ಟಿಗೆ ಜರುಗುತ್ತದೆ. ಬಿಸಿಲ ಝಳಕ್ಕಾದರೆ ಹಕ್ಕಿಯ ಅಂಚುಗಳು ಕುದಿಯುವ ನೀರಿನಂತೆ ಬೇರೆ ಬೇರೆಯಾಗಿ ಅಲೆಯಾಡುತ್ತವೆ. ಅದಕ್ಕೆ ಯಾವ ಬೆಲೆಯ ಕಾಲೂ ಮದ್ದಲ್ಲ. ಝೂಮ್ ಇಳಿಸಬೇಕು, ಇಲ್ಲವೇ ನಾಳೆ ಬೆಳಗ್ಗೆ ಬೇಗ ಬರಬೇಕು. ಮನೆಗೆ ಹೋದ ಮೇಲೆ ಕಾಲಿನ ಬೀಗಗಳಿಗೆ ಮೆತ್ತಿದ ಕೆರೆ ಗೋಡನ್ನು ಸಾದಾ ನೀರಿನಲ್ಲಿ ತೊಳೆದು, ಬಿಚ್ಚಿ ನೆರಳಲ್ಲಿ ಒಣಗಿಸಿ. ಎಣ್ಣೆ ಹಾಕಬೇಡಿ, ಮರಳು ಅದಕ್ಕೇ ಅಂಟಿಕೊಳ್ಳುತ್ತದೆ.

ಕಾರಿನಲ್ಲಿ ಬರುವವರಿಗೂ, ದುಡ್ಡು ಕೂಡಿಸುತ್ತಿರುವ ವಿದ್ಯಾರ್ಥಿಗಳಿಗೂ ಇನ್ನೊಂದು ದಾರಿ ಇದೆ. ಗಟ್ಟಿ ಬಟ್ಟೆಯ ಚೀಲಕ್ಕೆ ಮುಕ್ಕಾಲು ಭಾಗ ರಾಗಿ ತುಂಬಿ ಬಾಯಿ ಹೊಲಿಯಿರಿ. ಎಂಜಿನ್ ನಿಲ್ಲಿಸಿದ ಕಾರಿನ ಕಿಟಕಿಯ ಮೇಲೋ ಏರಿಯ ಕಲ್ಲಿನ ಮೇಲೋ ಇಟ್ಟು ಸ್ಕೋಪನ್ನು ಅದರೊಳಕ್ಕೆ ಒತ್ತಿದರೆ, ಅಷ್ಟು ಅಲುಗದ ಆಸರೆ ಹಗುರ ಟ್ರೈಪಾಡುಗಳಲ್ಲಿ ಸಿಗುವುದು ಅಪರೂಪ. ನಿಂತು ಸುತ್ತ ನೋಡಲಾಗದು ಎಂಬುದೊಂದೇ ಕೊರತೆ.

ಟ್ರೈಪಾಡಿನ ಬಗ್ಗೆ ಇಷ್ಟು ಒತ್ತಿ ಹೇಳಲು ನನಗೆ ಹಕ್ಕಿಗಳ ಕಾರಣವೂ ಇದೆ. ಅಕ್ಷರ ಕಾಣದಿದ್ದಾಗ ಮನುಷ್ಯ ಮಾಡುವುದು ಒಂದೇ ಕೆಲಸ, ಹತ್ತಿರ ಹೋಗುವುದು. ಏರಿ ಇಳಿದು ಕೆಸರಂಚಿನಲ್ಲಿ ಹತ್ತು ಹೆಜ್ಜೆ, ಮತ್ತೆ ಹತ್ತು ಹೆಜ್ಜೆ. ಹೆಬ್ಬಾತುಗಳು ಮೊದಲು ಕತ್ತು ನಿಗುರಿಸುತ್ತವೆ, ಆಮೇಲೆ ಒಂದು ಕೂಗುತ್ತದೆ, ಆಮೇಲೆ ಇಡೀ ಹಿಂಡು ಏಳುತ್ತದೆ. ಜೊತೆಗೆ ಸೂಜಿಬಾಲದ ಬಾತುಗಳೂ ಗದ್ದೆಗೊರವಗಳೂ ಏಳುತ್ತವೆ. ಮಾರ್ಚ್ ಹೊತ್ತಿಗೆ ಹಿಮಾಲಯ ದಾಟಿ ಹಿಂದಿರುಗಲು ಮೈಯಲ್ಲಿ ಕೊಬ್ಬು ಕೂಡಿಟ್ಟುಕೊಳ್ಳಬೇಕಾದ ಹಕ್ಕಿಗೆ ಹೀಗೆ ದಿನಕ್ಕೆ ನಾಲ್ಕು ಸಲ ಸುಮ್ಮನೆ ಹಾರುವುದು ಸಣ್ಣ ಖರ್ಚಲ್ಲ. ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆಗೆ 1939ರಲ್ಲಿ ಸಲೀಂ ಅಲಿ ಇಲ್ಲಿ ಓಡಾಡಿದ ಕಾಲದಲ್ಲಿ ಹಕ್ಕಿಯನ್ನು ಗುರುತಿಸಲು ಬಂದೂಕೂ ಬೇಕಾಗುತ್ತಿತ್ತು. ಇಂದು ಹಕ್ಕಿಗೆ ಗೊತ್ತೇ ಆಗದಂತೆ, ಅದು ಪಟ್ಟಿ ತೊಟ್ಟ ದೇಶವನ್ನು ಏರಿಯ ಮೇಲಿಂದಲೇ ತಿಳಿಯಬಹುದು. ಕಾಲು ಅಲುಗದಿದ್ದರೆ ಮಾತ್ರ.

ಮುಂದಿನ ಚಳಿಗಾಲದಲ್ಲಿ, ಸುತ್ತೂರು ಜಾತ್ರೆಗೆ ಬಂದವರೇ ಆಗಲಿ, ಹಕ್ಕಿ ಗಣತಿಗೆಂದು ಬಂದವರೇ ಆಗಲಿ, ಹದಿನಾರು ಕೆರೆಯಲ್ಲಿ ಕೊರಳಪಟ್ಟಿಯ ಹೆಬ್ಬಾತು ಕಂಡರೆ ಪಟ್ಟಿಯ ಬಣ್ಣ, ಅದರ ಮೇಲಿನ ಅಕ್ಷರ ಮತ್ತು ಅಂಕಿ, ದಿನಾಂಕ, ಹೊತ್ತು, ಗುಂಪಿನಲ್ಲಿ ಎಷ್ಟು ಹಕ್ಕಿಗಳಿದ್ದವು ಎಂಬುದನ್ನು ಅಲ್ಲೇ ಬರೆದುಕೊಳ್ಳಿ. ಐಪೀಸಿಗೆ ಮೊಬೈಲ್ ಹಿಡಿದು ಫೋಟೊ ತೆಗೆಯುವುದಾದರೆ ಎರಡು ಸೆಕೆಂಡಿನ ಟೈಮರ್ ಹಾಕಿ, ಬೆರಳಿನ ಒತ್ತಡಕ್ಕೂ ಸ್ಕೋಪು ಅಲುಗುತ್ತದೆ. ಒಂದು ಅಕ್ಷರ ಅನುಮಾನವಿದ್ದರೆ ಅನುಮಾನವೆಂದೇ ಬರೆಯಿರಿ, ಊಹಿಸಿ ತುಂಬಬೇಡಿ. ವಿವರವನ್ನು ಇ-ಬರ್ಡ್‌ಗೆ ಹಾಕಿ, ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೂ ಕಳಿಸಿ. ನಿಮ್ಮ ಬರಹ ಮುಗಿಯುವವರೆಗೆ ಪಕ್ಕದಲ್ಲಿ ಕಾಯುತ್ತಿರುವ ಊರ ಮಕ್ಕಳಿಗೆ ಟ್ರೈಪಾಡನ್ನು ಎರಡು ತುಂಡು ಇಳಿಸಿ ಕೊಡಿ, ಅವರೂ ನೋಡಲಿ. ಕೆರೆ ಅವರದು.